ನತ್ತು ಕಾಣುವಷ್ಟು ಹತ್ತಿರ

ಉಗರಗೋಳದ ಚಹಾದಂಗಡಿಯ ಮುಂದೆ ಎರಡು ಜೂಮ್ ಕ್ಯಾಮೆರಾ ಹಿಡಿದು ನಿಂತಿದ್ದೆ. ಪರೀಕ್ಷಿಸಿ ಒಂದನ್ನು ಇಟ್ಟುಕೊಳ್ಳಬೇಕು, ಇನ್ನೊಂದನ್ನು ಕ್ಯಾಮೆರಾ ಅಂಗಡಿಗೆ ಮರಳಿಸಬೇಕು. ಪೂರ್ತಿ ಜೂಮ್ ಮಾಡಿದರೆ ಮೊದಲನೆಯದರಲ್ಲಿ ಯಲ್ಲಮ್ಮನ ಗುಡ್ಡ ಬರೀ ಮಸುಕು. ಎರಡನೆಯದರಲ್ಲಿ, ಬರಿಗಣ್ಣಿಗೆ ಚುಕ್ಕೆಯಂತಿದ್ದದ್ದು ಒಬ್ಬ ಹೆಂಗಸಾಯಿತು. ಅವಳ ತಲೆಯ ಮೇಲಿನ ಬುಟ್ಟಿಯಲ್ಲಿ ದೇವಿಯ ಬೆಳ್ಳಿ ಮುಖ, ಆ ಮುಖದ ಮೂಗಿನಲ್ಲಿ ನತ್ತು.

ಪಕ್ಕದಲ್ಲಿ ದೇವಿಗೆ ಏರಿಸುವ ಅರಿಶಿನ ಪುಡಿ, ಭಂಡಾರ ಮಾರುತ್ತಿದ್ದ ಶಾಂತವ್ವ ಕ್ಯಾಮೆರಾದ ಪರದೆಯತ್ತ ಬಗ್ಗಿದವಳೇ ಚಪ್ಪಲಿ ಕಳಚಿ ಕೈಮುಗಿದಳು.

"ಅವ್ವನ್ನ ಹೊತ್ತ ಬುಟ್ಟಿ, ಆ ಜಗ, ಎದುರಿಗೆ ಬಂದಾಗ ಕಾಲಾಗ ಏನೂ ಇರಬಾರದ್ರಿ. ನೀವೂ ಬೂಟು ಬಿಡ್ರಿ."

"ಇನ್ನೂ ಅಷ್ಟು ದೂರದಲ್ಲಿದೆಯಲ್ಲವ್ವಾ?" ಎಂದೆ.

"ಎಲ್ಲಿ ದೂರ್ರಿ? ನತ್ತು ಕಾಣಾಕತ್ತೈತಲ್ಲ!"

ಬೂಟು ಬಿಚ್ಚಿದೆ. ಗುಡ್ಡದ ಆ ಚುಕ್ಕೆ ನಮ್ಮ ಹತ್ತಿರ ಬರುವವರೆಗೂ ಇಬ್ಬರೂ ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ನಿಂತೆವು.