ಕಾಫಿಯವನ ಮೂಗಿಗೆ ಟೀ ಬಣ್ಣದ ನೀರು

ಹಲಸೂರಿನಲ್ಲಿ ನನ್ನ ಕಾಫಿಪುಡಿ ಅಂಗಡಿ ನಡೆಯುತ್ತಿದ್ದ ಕಾಲದಲ್ಲಿ ನನ್ನ ಮೂಗಿಗೆ ಇದ್ದ ಹೆಸರು ನನಗೂ ಇರಲಿಲ್ಲ. ಸಂಜೆ ಗಿರಾಕಿಗಳು ತುಂಬಿರುವಾಗ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು, ಮನೆಮನೆಗೆ ಬೇರೆಬೇರೆಯಾಗಿ ಬೆರೆಸಿಟ್ಟ ಪುಡಿಯ ಯಾವುದಾದರೂ ಡಬ್ಬಿ ಕೈಗೆ ಕೊಡಿ ಎನ್ನುತ್ತಿದ್ದೆ. ಮುಚ್ಚಳ ತೆಗೆದು ಒಮ್ಮೆ ಮೂಸಿ, "ಇದು ಮೇಷ್ಟ್ರ ಮನೇದು, ಚಿಕೋರಿ ಕಮ್ಮಿ," ಎಂದು ಹೇಳಿಬಿಡುತ್ತಿದ್ದೆ. ತಪ್ಪಿದ್ದೇ ಇಲ್ಲ. ಪಕ್ಕದ ಅಂಗಡಿಯ ಟೈಲರ್‌ಗೆ ಸಕ್ಕರೆ ಕಾಯಿಲೆ. ಅವನು ಕದ್ದು ಜಿಲೇಬಿ ತಿಂದು ಬಂದ ದಿನ, ಅವನ ಹೆಂಡತಿ ಎದುರಿಗಿರುವುದನ್ನು ನೋಡಿಕೊಂಡೇ, "ಏನ್ ಗುರು, ಜಿಲೇಬಿ ಬಿಸಿಯಾಗಿತ್ತಾ?" ಎಂದು ಕೇಳುತ್ತಿದ್ದೆ. ಆಮೇಲೆ ಅವರ ಮನೆಯಲ್ಲಿ ನಡೆಯುತ್ತಿದ್ದುದಕ್ಕೆ ನಾನು ಜವಾಬ್ದಾರನಲ್ಲ.

ಮೆಟ್ರೋ ಕಂಬಗಳಿಗೆಂದು ನಮ್ಮ ಕಡೆ ರಸ್ತೆ ಅಗೆಯುತ್ತಿದ್ದ ವರ್ಷಗಳಲ್ಲಿ ಆ ಮೂಗು ಕೈಕೊಟ್ಟಿತು. ಧೂಳಿಗೋ, ವಯಸ್ಸಿಗೋ ಗೊತ್ತಿಲ್ಲ. ಕೆನ್ನೆಯ ಹಿಂದೆ ಯಾರೋ ಹಿಟ್ಟು ಕಲಸಿ ತುಂಬಿದ ಹಾಗೆ ಭಾರ. ಬಗ್ಗಿದರೆ ಹಣೆ ಸಿಡಿಯುತ್ತಿತ್ತು. ಮಾತ್ರೆ ನುಂಗಿದಾಗ ಇಳಿದು, ಬಿಟ್ಟ ಕೂಡಲೇ ಮತ್ತೆ ಹತ್ತಿಕೊಳ್ಳುತ್ತಿತ್ತು. ಸೈನಸ್ ಎಂದರು. ಅದೆಲ್ಲ ತಡೆದುಕೊಳ್ಳಬಹುದಿತ್ತು. ಆದರೆ ಒಂದು ಬೆಳಿಗ್ಗೆ ಬೀಜ ಹುರಿಯುತ್ತ ನಿಂತಿದ್ದಾಗ ನನಗೆ ಏನೂ ವಾಸನೆ ಬರಲಿಲ್ಲ. ಕಾಫಿಬೀಜ ಹುರಿಯುವವನಿಗೆ ಗಡಿಯಾರ ಬೇಡ, ಘಮ ತಿರುಗುವ ಕ್ಷಣ ಗೊತ್ತಾದರೆ ಸಾಕು. ಆ ಕ್ಷಣ ನನಗೆ ಗೊತ್ತಾಗದೆ ಹೋಯಿತು.

ಹೊರಗೆ ಬಾಯಿ ಬಿಡುವವನಲ್ಲ ನಾನು. "ಪುಡಿ ಯಾಕೋ ಕಹಿ ಅಂಕಲ್," ಎಂದು ಬಂದವರಿಗೆ, "ನಿಮ್ಮ ಹಾಲಿನವನನ್ನ ಬದಲಾಯಿಸಿ," ಎಂದು ಹೇಳಿ ಕಳಿಸುತ್ತಿದ್ದೆ. ಸಂಜೆಯ ಆಟವನ್ನೂ ನಿಲ್ಲಿಸಲಿಲ್ಲ. ಎಲ್ಲ ಡಬ್ಬಿಗಳ ಮುಚ್ಚಳಕ್ಕೂ ಒಂದೊಂದು ಕಡೆ ಸಣ್ಣ ತಗ್ಗು ಹೊಡೆದಿಟ್ಟುಕೊಂಡು, ಬೆರಳಲ್ಲಿ ಸವರಿ ಹೇಳುತ್ತಿದ್ದೆ. ಮೂಸುವ ನಟನೆ ಮೊದಲಿಗಿಂತ ಜೋರಾಗಿತ್ತು. ವಿಷಯ ಗೊತ್ತಿದ್ದದ್ದು ನನ್ನ ಹೆಂಡತಿಗೆ ಮಾತ್ರ. ಅವಳೇ ನನ್ನನ್ನು ಕುಕ್ ಟೌನಿನ ಮೂಗಿನ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದದ್ದು.

ಡಾಕ್ಟರಮ್ಮ ಮೂಗಿನೊಳಗೆ ಕೊಳವೆ ತೂರಿಸಿ ನೋಡಿದರು. "ಮಾತ್ರೆ ತಿಂದಿದ್ದು ಸಾಕು. ಇನ್ಮೇಲೆ ತೊಳೀಬೇಕು," ಎಂದರು. ಥೈರಾಯ್ಡ್ ತೊಂದರೆ ಇದೆಯಾ ಎಂದು ವಿಚಾರಿಸಿಕೊಂಡು, ಗಾಯಕ್ಕೆ ಹಚ್ಚುವಂಥದೇ ಒಂದು ಕಂದು ಔಷಧಿಯ ಸೀಸೆ ಬರೆದುಕೊಟ್ಟರು. "ಕುದಿಸಿ ಆರಿಸಿದ ನೀರಿಗೆ ಈ ಉಪ್ಪಿನ ಪೊಟ್ಟಣ ಹಾಕಿ. ಆಮೇಲೆ ಇದರಲ್ಲಿ ಕೆಲವೇ ಹನಿ. ನೀರು ತೆಳು ಟೀ ಬಣ್ಣಕ್ಕೆ ಬಂದ್ರೆ ಸಾಕು. ಒಂದು ಹೊಳ್ಳೆಗೆ ಬಿಟ್ಟು ಇನ್ನೊಂದರಿಂದ ಹೊರಗೆ."

"ವಾಸನೆ ವಾಪಸ್ ಬರತ್ತಾ ಮೇಡಂ?"

"ಬರಬಹುದು. ಗ್ಯಾರಂಟಿ ಕೊಡಲ್ಲ."

ಅಂಗಡಿಯ ಹಿಂದೆಯೇ ಇರುವ ಮನೆಗೆ ಬಂದು ಬೆರೆಸಲು ಕೂತೆ. ತಾತನ ಕಾಲದಿಂದ ನಮ್ಮ ಮನೆಯಲ್ಲಿ ಟೀ ಪುಡಿ ಹೊಸ್ತಿಲು ದಾಟಿಲ್ಲ. ಕಂದು ಬಣ್ಣದ ನೀರು ಎಂದರೆ ನನ್ನ ಕಣ್ಣಿಗೆ ಗೊತ್ತಿದ್ದದ್ದು ಡಿಕಾಕ್ಷನ್ ಒಂದೇ, ಅದೂ ಮೊದಲ ಸಲ ಇಳಿದ ಗಟ್ಟಿ ಡಿಕಾಕ್ಷನ್. ತೆಳ್ಳಗಿನದನ್ನು ಕರೆಯದೆ ಬಂದವರಿಗೂ ಕೊಡದ ವಂಶ ನಮ್ಮದು. ಲೋಟದ ತಳ ಕಾಣದಷ್ಟು ಸುರಿದು, ಬಚ್ಚಲಲ್ಲಿ ಬಗ್ಗಿ, ಮೂಗಿಗೆ ಬಿಟ್ಟೆ. ತಲೆಯೊಳಗೆ ಒಲೆ ಹತ್ತಿಸಿದ ಹಾಗಾಯಿತು. ನಾನು ಕೂಗಿದ್ದಕ್ಕೆ ಟೈಲರ್ ಕತ್ತರಿ ಸಮೇತ ಓಡಿಬಂದ. ಕಣ್ಣು ಮೂಗು ಸುರಿಸುತ್ತ ಕುಣಿಯುತ್ತಿದ್ದವನನ್ನು ನೋಡಿ, "ಅಣ್ಣಂಗೆ ಏನೋ ಮೈಮೇಲೆ ಬಂದೈತೆ," ಎಂದು ಕೈಮುಗಿದು ವಾಪಸ್ ಹೋದ.

ಮಾರನೆಯ ದಿನ ಡಾಕ್ಟರಮ್ಮ ಕೇಳಿದರು, "ನಾನ್ ಏನ್ ಹೇಳಿದ್ದೆ?"

"ತೆಳು ಟೀ ಅಂದ್ರಿ."

"ನೀವೇನ್ ಮಾಡಿದ್ರಿ?"

"ಮೇಡಂ, ನಮ್ಮನೇಲಿ ಟೀ ಮಾಡಲ್ಲ."

ಅವರು ನನ್ನನ್ನು ಬಿಟ್ಟು ನನ್ನ ಹೆಂಡತಿಯ ಕಡೆ ತಿರುಗಿದರು. "ಬಣ್ಣ ನೋಡೋದೇ ಬೇಡಮ್ಮ. ಹನಿ ಎಣಿಸಿ ನೀವೇ ಹಾಕಿಕೊಡಿ." ಅವತ್ತಿನಿಂದ ಅವಳು ಬೆರೆಸುವುದು, ನಾನು ತೊಳೆಯುವುದು. ತಿಂಗಳುಗಟ್ಟಲೆ ನಡೆಯಿತು. ಕೆನ್ನೆಯ ಭಾರ ಇಳಿಯುತ್ತ ಬಂತು, ತಲೆನೋವು ಹೋಯಿತು. ವಾಸನೆ ಮಾತ್ರ ಬಂದಿಲ್ಲ ಎಂದೇ ನಾನು ತಿಳಿದಿದ್ದೆ.

ಆಗ ಶಿವಾಜಿನಗರದ ಭಾಯ್ ಬಂದರು. ಅವರ ಹೋಟೆಲಿಗೆ ಅವರಪ್ಪನ ಕಾಲದಿಂದ ನಮ್ಮದೇ ಪುಡಿ. ಇಂದಿರಾನಗರದಲ್ಲಿ ಇನ್ನೊಂದು ತೆರೆಯುವವರಿದ್ದರು. ನನ್ನ ವ್ಯಾಪಾರದ ಬಹುಪಾಲು ಅವರೇ. ಅವರು ಬಿಟ್ಟರೆ ನಾನು ಅಂಗಡಿ ಮುಚ್ಚಬೇಕಾಗಿತ್ತು.

"ಮಿಯಾ, ನಿನ್ ಪುಡಿ ಬಿಗಡ್ ಹೋಗಿದೆ," ಎಂದರು. "ನನ್ ಮಗ ಬೇರೆ ಕಡೆ ತಗೋ ಅಂತಾನೆ. ಭಾನುವಾರ ಬರ್ತೀನಿ. ಲೋಟದಲ್ಲಿ ಬೇರೆ ಬೇರೆ ಪುಡಿ ಡಿಕಾಕ್ಷನ್ ಇಡ್ಸು. ಮೂಸಿ ನಮ್ದು ಯಾವುದು ಹೇಳು. ಹೇಳಿದ್ರೆ ಎರಡೂ ಹೋಟ್ಲು ನಿಂದು. ಇಲ್ಲಾಂದ್ರೆ ಎರಡೂ ಇಲ್ಲ." ಮೆಟ್ಟಿಲು ಇಳಿಯುತ್ತ ತಿರುಗಿ, "ಡಬ್ಬಿ ಬೇಡ, ಹಾಂ? ಲೋಟ," ಎಂದು ನಕ್ಕರು. ತಗ್ಗುಗಳ ಸುದ್ದಿ ಅವರಿಗೆ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ.

ಮೋಸಕ್ಕೆ ದಾರಿ ಹುಡುಕುವುದು ನನಗೆ ಕಷ್ಟವೇ? ಲೋಟ ಇಡುವವಳು ನನ್ನ ಹೆಂಡತಿ. ಭಾಯ್ ಅವರ ಲೋಟ ನನ್ನ ಮೂಗಿನ ಹತ್ತಿರ ಬಂದಾಗ ಅವಳು ಕೆಮ್ಮಬೇಕು. ಅಷ್ಟೇ. ಅವಳು ತಕ್ಷಣ ಒಪ್ಪಿದಳು. ಅನುಮಾನ ಬರಬೇಕಾಗಿದ್ದದ್ದು ಆಗಲೇ.

ಭಾನುವಾರ ಭಾಯ್ ಬಂದು ಕೂತರು. ಟೈಲರ್ ಟವೆಲ್ ಕಟ್ಟಿದ, ಜಿಲೇಬಿಯ ಸೇಡಿಗೆ ಸ್ವಲ್ಪ ಬಿಗಿಯಾಗಿಯೇ. ಮೊದಲ ಲೋಟ ಬಂತು. ಕೆಮ್ಮಿಲ್ಲ. ಗಂಭೀರವಾಗಿ ತಲೆ ಆಡಿಸಿದೆ. ಎರಡನೆಯದಕ್ಕೂ ಇಲ್ಲ. ಮೂರನೆಯದು ಬಂದ ಕೂಡಲೇ ಅವಳು ಆಸ್ಪತ್ರೆಗೆ ಸೇರಿಸಬೇಕೇನೋ ಎನ್ನುವಷ್ಟು ಕೆಮ್ಮಿದಳು. "ಇದೇ" ಎನ್ನಲು ಬಾಯಿ ತೆರೆದೆ. ಮೂಗಿನ ಮೂಲೆಯಲ್ಲಿ ಏನೋ ಚುರ್ ಎಂದಿತು. ಆಸ್ಪತ್ರೆಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಕೋಣೆಯ ವಾಸನೆ. ಅವಳು ಮತ್ತೆ ಕೆಮ್ಮಿದಳು.

ಕೆಮ್ಮನ್ನು ನಂಬಲೋ, ಮೂಗನ್ನು ನಂಬಲೋ? ಅಂಗಡಿಯೇ ಆ ಲೋಟದ ಮೇಲೆ ನಿಂತಿತ್ತು.

"ಇದು ಕಾಫಿ ಅಲ್ಲ," ಎಂದೆ.

"ಮತ್ತೇನು?" ಎಂದರು ಭಾಯ್.

"ನಾನು ಮೂಗು ತೊಳ್ಕೊಳ್ಳೋ ನೀರು."

ಟೈಲರ್ ಮೊದಲು ನಕ್ಕ. ನನ್ನ ಗುಟ್ಟು ಅಂಗಡಿಯ ತುಂಬ ಹರಡಿಬಿಟ್ಟಿತು. ಆದರೆ ನನಗೆ ಆಗ ಅದರ ಪರಿವೆ ಇರಲಿಲ್ಲ. "ಮುಂದಿನ ಲೋಟ ಕೊಡಿ," ಎಂದೆ. ಅದರಿಂದ ಗೋಡೆಯಾಚೆಯಿಂದ ಬಂದ ಹಾಗೆ, ಸಣ್ಣಗೆ, ಘಮ ಬಂತು. "ಇದು ನಿಮ್ದು ಭಾಯ್. ಆದ್ರೆ ಬೀಜ ಸೀದಿದೆ. ಯಾವ ಮುಠ್ಠಾಳ ಹುರಿದಿದ್ದು?"

"ನೀನೇ ಮಿಯಾ," ಎಂದರು ಭಾಯ್. ನಾನು ಟವೆಲ್ ಬಿಚ್ಚುವಷ್ಟರಲ್ಲಿ ಅವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಎರಡೂ ಹೋಟ್ಲು ನಿಂದು. ನಾಳೆಯಿಂದ ಸರಿಯಾಗಿ ಹುರಿ."

ಎಲ್ಲರೂ ಹೋದ ಮೇಲೆ ಹೆಂಡತಿಯನ್ನು ಕೇಳಿದೆ. "ಯಾಕೆ ಹಂಗ್ ಮಾಡ್ದೆ?"

"ಭಾಯ್ ಬರೋಕ್ ಮುಂಚೇನೇ ಒಂದಿನ ಔಷಧಿ ಬೆರೆಸ್ತಿದ್ದಾಗ ಮುಖ ಕಿವುಚಿದ್ರಿ. ಅಲ್ಲೀವರೆಗೂ ಕಿವುಚಿರ್ಲಿಲ್ಲ."

"ನಂಗೇ ಗೊತ್ತಾಗ್ಲಿಲ್ವಲ್ಲ. ಬಾಯ್ಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನಂಬ್ತಿದ್ರಾ? ನಿಮಗೆ ಮೋಸದ ಮೇಲಿದ್ದಷ್ಟು ನಂಬಿಕೆ ನಿಮ್ ಮೂಗಿನ ಮೇಲೆ ಇರ್ಲಿಲ್ಲ," ಎನ್ನುತ್ತ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಇಡೀ ಹಲಸೂರನ್ನು ಆಡಿಸಿದವನು ನಾನು. ನನ್ನನ್ನು ಆಡಿಸಿದವಳು ಅವಳೊಬ್ಬಳೇ, ಅದೂ ಒಂದೇ ಸಲ. ಅವಳನ್ನು ಕೇಳಿದರೆ ಬೇರೆ ಲೆಕ್ಕ ಹೇಳುತ್ತಾಳೆ, ಕೇಳಬೇಡಿ. ಮಾರನೆಯ ಬೆಳಿಗ್ಗೆ ಬೀಜ ಹುರಿಯುತ್ತಿದ್ದಾಗ ಟೈಲರ್ ತನ್ನ ಹೆಂಡತಿಯ ಜೊತೆ ನನ್ನ ಅಂಗಡಿಯ ಮುಂದೆ ಹಾದುಹೋದ, ಮೂಗಿನ ನೀರಿನ ಬಗ್ಗೆ ಏನೋ ಹಾಸ್ಯ ಮಾಡಿಕೊಂಡು. ನಾನು ಜರಡಿ ಕೆಳಗಿಟ್ಟು ಒಂದು ಸಲ ಗಾಳಿ ಎಳೆದುಕೊಂಡೆ.

"ಗುರು," ಎಂದೆ, "ಇವತ್ತು ಮೈಸೂರುಪಾಕಾ?"