ಭೂತಪ್ಪ ಕೈಯೊಡ್ಡಿ ಪಡೆದ ಎಲೆ-ಅಡಿಕೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಭೂತಪ್ಪನಷ್ಟು ಧೈರ್ಯಶಾಲಿ ಮತದಾರ ಇನ್ನೊಬ್ಬನಿರಲಿಲ್ಲ. ಆ ಧೈರ್ಯ ತಲೆಯಿಂದ ಹೊರಗೆ ಬರುತ್ತಿರಲಿಲ್ಲ, ಅಷ್ಟೇ. ಕಾರ್ಖಾನೆಯಿಂದ ನಿವೃತ್ತನಾದ ಈ ಮಹಾಶೂರ ಬೆಳಿಗ್ಗೆ ಪೇಪರ್ ಬಿಡಿಸಿದನೆಂದರೆ ಕಾಫಿ ಆರುವುದರೊಳಗೆ ಒಂದು ಸರ್ಕಾರ ಉರುಳಿರುತ್ತಿತ್ತು, ಒಳಗೊಳಗೇ. ಕುರ್ಚಿಯಲ್ಲಿ ಯಾರೇ ಕೂರಲಿ, ದೋಸೆಯ ಹಾಗೆ ಆಗಾಗ ಮಗುಚಿ ಹಾಕದಿದ್ದರೆ ಸೀದುಹೋಗುತ್ತಾರೆ ಎನ್ನುವುದು ಅವನ ರಾಜಕೀಯ. ವಯಸ್ಸಿಗೆ ಬಂದ ಹುಡುಗಿ ಯಾರನ್ನು ಮದುವೆಯಾಗಬೇಕೆನ್ನುವುದು ಅವಳ ಹಕ್ಕು, ಅಪ್ಪನದಲ್ಲ ಎಂದೂ ತೀರ್ಮಾನಿಸಿದ್ದ. ಭದ್ರಾವತಿಯ ಮಾತಿನಲ್ಲಿ ನಾಲ್ಕು ಕಾಳು ತಮಿಳೋ ತೆಲುಗೋ ಬಿದ್ದರೆ ಕನ್ನಡವೇನೂ ಹಳಸುವುದಿಲ್ಲ ಎಂದು ಭಾಷಾನೀತಿಯನ್ನೂ ಘೋಷಿಸಿಕೊಂಡಿದ್ದ. ಇಷ್ಟೆಲ್ಲ ಇದ್ದೂ, ಎದುರಿನವರು ಸ್ವಲ್ಪ ಗಂಟಲೇರಿಸಿದರೆ ಬಾಯಿಗೆ ಬರುತ್ತಿದ್ದದ್ದು ಒಂದೇ: "ಹೌದು, ಸರಿ."

ಅವನ ಹುಟ್ಟೂರು ಹೊಳೆಹೊನ್ನೂರು. ಅಲ್ಲಿನ ದೊಡ್ಡ ಕುಳ ಹೊನ್ನಯ್ಯ ಪ್ರತಿ ಚುನಾವಣೆಗೂ ನ್ಯೂ ಟೌನಿನಲ್ಲಿರುವ ತನ್ನೂರಿನವರ ಮನೆಗಳಿಗೆ ಬಂದು, ಎಲೆ-ಅಡಿಕೆ ಕೈಗಿಟ್ಟು, ತನ್ನ ಪಕ್ಷಕ್ಕೆ ಓಟಿನ ಮಾತು ಪಡೆಯುತ್ತಿದ್ದ. ಅದನ್ನು ಹಿಡಿದರೆ ಮಾತು ಕೊಟ್ಟಂತೆ; ಹಿಂದೆ ಸರಿಯುವಂತಿಲ್ಲ. ಭೂತಪ್ಪ ಎರಡೂ ಕೈಯೊಡ್ಡಿ ಹಿಡಿಯುತ್ತಿದ್ದ. ಮರುದಿನ ಎದುರು ಪಕ್ಷದವರು ಬಂದರೆ ಅವರದನ್ನೂ ಹಿಡಿಯುತ್ತಿದ್ದ. ಆಮೇಲೆ ಮತಗಟ್ಟೆಯ ರಟ್ಟಿನ ಮರೆಗೆ ಹೋಗಿ ಚಕ್ರವರ್ತಿಯಂತೆ ಎದೆಯುಬ್ಬಿಸಿ ತನಗೆ ಬೇಕಾದ ಗುಂಡಿ ಒತ್ತುತ್ತಿದ್ದ. ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ.

ಈ ಸಲ ಹೊನ್ನಯ್ಯ ಓಟಿನ ಎಲೆ-ಅಡಿಕೆ ಕೊಟ್ಟ ಮೇಲೂ ಏಳಲಿಲ್ಲ. ಚೀಲದಿಂದ ಇನ್ನೊಂದು ಕಟ್ಟು ತೆಗೆದ.

"ಅದು ಎಲೆಕ್ಷನ್ನಿಂದು. ಇದು ನನ್ನ ತಂಗಿ ಮಗ ನಿಶಾಂತ್‌ದು. ನಿನ್ನ ಮಗಳು ಸಮತಾನ ಅವನಿಗೆ ತಂದ್ಕೋಬೇಕು ಅಂತ ಆಸೆ. ಹಿಡಿ ಮಾರಾಯ."

ಕೈಗಳು ತಾವಾಗಿಯೇ ಮುಂದೆ ಹೋದವು. "ಹೌದು, ಸರಿ," ಎಂದ ಭೂತಪ್ಪ. ಭಾನುವಾರ ಮದುವೆಯ ದಿನ ಗೊತ್ತುಮಾಡಲು ಬರುತ್ತೇವೆಂದು ಹೊನ್ನಯ್ಯ ಹೊರಟ.

ಹೆಂಡತಿ ಕರಿಬಸಮ್ಮ ಅಡುಗೆಮನೆಯಿಂದ ಸೌಟು ಸಮೇತ ಬಂದಳು. "ಏನ್ರೀ ಮಾಡಿದ್ರಿ? ಸಮತಾ ಆ ಶಿವರಾಜ್‌ನ ಮದುವೆಯಾಗ್ತೀನಿ ಅಂದಾಗ್ಲೂ 'ಹೌದು, ಸರಿ' ಅಂದಿದ್ರಲ್ಲ!"

ಶಿವರಾಜ್ ಅದೇ ನ್ಯೂ ಟೌನಿನವನು, ಭೂತಪ್ಪನ ಜೊತೆ ಕಾರ್ಖಾನೆಯಲ್ಲಿದ್ದವನ ಮಗ. ಮನೆಮಾತು ತಮಿಳು.

"ಹಿಡಿದಿದ್ದು ಸುಮ್ನೆ ಕಣೇ. ಆಮೇಲೆ ನಮಗೆ ಬೇಕಾದಂಗೆ..."

"ಓಟಿಗಾದ್ರೆ ರಟ್ಟು ಅಡ್ಡ ಇಡ್ತಾರೆ. ಮದುವೆ ಮಂಟಪದಲ್ಲಿ ನಿಮಗೆ ಯಾರ್ರೀ ಅಡ್ಡ ಇಡ್ತಾರೆ?"

ಭೂತಪ್ಪನಿಗೆ ಅಂದು ಊಟ ಸೇರಲಿಲ್ಲ. ಬೀದಿಯಲ್ಲಿ ಬುಲೆಟ್ ಬೈಕಿನ ಸದ್ದಾದಾಗ ಹೊನ್ನಯ್ಯನೇ ಬಂದನೆಂದು ಬಚ್ಚಲಮನೆಗೆ ನುಗ್ಗಿದ.

ಮರುದಿನ ಶಿವಮೊಗ್ಗಕ್ಕೆ ಹೋದ. ಸಮತಾ ಅಲ್ಲೊಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಎದುರಿನ ಕ್ಯಾಂಟೀನಿನಲ್ಲಿ ಕೂತು ಎಲ್ಲ ಹೇಳಿದ. ಕೂಗಾಡುತ್ತಾಳೆಂದು ಹೆದರಿದ್ದ, ಅವಳು ಕೂಗಲಿಲ್ಲ. ಟೀ ಲೋಟವನ್ನು ಕೆಳಗಿಟ್ಟಳು. ಹೊನ್ನಯ್ಯ ಇಲ್ಲಿಗೂ ಬಂದಾನೇನೋ ಎಂಬಂತೆ ಬಾಗಿಲ ಕಡೆ ನೋಡಿದಳು. ಅದು ತನ್ನದೇ ಭಯವೆಂದು, ಮಗಳಿಗೂ ಅದನ್ನು ಹಂಚಿಬಿಟ್ಟೆನೆಂದು ಭೂತಪ್ಪನಿಗೆ ಗೊತ್ತಾಯಿತು.

"ನಾನೇ ಹೋಗಿ ಬೇಡ ಅಂತೀನಿ ಬಿಡಿ ಅಪ್ಪ," ಎಂದಳು. "ಆದ್ರೆ ನನ್ನ ಮಾತು ಅವರು ಕೇಳ್ತಾರಾ? ಹಿಡಿದಿದ್ದು ನಿಮ್ಮ ಕೈ."

ಹೊನ್ನಯ್ಯ ಕೊಟ್ಟ ಎಲೆ ಬಾಡಿತ್ತು. ಬಾಡಿದ್ದನ್ನು ಹಿಂದಿರುಗಿಸಿದರೆ ಅದು ಬೇರೆ ಅವಮಾನ. ಭೂತಪ್ಪ ಪೇಟೆಯಲ್ಲಿ ಹೊಸದೊಂದು ಕವಳೆ ಎಲೆ, ಮೇಲಿಷ್ಟು ಅಡಿಕೆ ಕೊಂಡು, ಖಡ್ಗ ಹಿಡಿದ ದಂಡನಾಯಕನಂತೆ ಎದೆಗವಚಿಕೊಂಡು ಹೊಳೆಹೊನ್ನೂರಿನ ಬಸ್ಸು ಹತ್ತಿದ. ದಂಡನಾಯಕನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಹೊನ್ನಯ್ಯ ಜಗಲಿಯಲ್ಲೇ ಇದ್ದ. "ಬಾರೋ ಬೀಗ!"

ಆ ಒಂದು ಪದಕ್ಕೆ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಓಡಿಹೋದವು. ಉಳಿದದ್ದು ಕಾರ್ಖಾನೆಯ ಗೆಳೆಯರಿಂದ ಕಲಿತ ಮಾತು. "ವೇಂಡಾ!" ಎಂದು ಕಿರುಚಿದ. "ಬೇಡ ಅಂದೆ ಅಣ್ಣಾ. ಮದುವೆ ಬೇಡ."

"ನೋಡು, ಬಾಯಲ್ಲಿ ಆಗ್ಲೇ ತಮಿಳು! ಆ ನ್ಯೂ ಟೌನ್ ಹುಡುಗನ ವಿಷಯ ನನಗೂ ಬಂದಿತ್ತು ಕಿವಿಗೆ. ಭಾಷೆ ಗೊತ್ತಿಲ್ಲದ ಮನೆಗೆ ಹೆಣ್ಣು ಕೊಡ್ತೀಯೇನೋ?"

"ಅವನು ಮಾತಾಡೋದು ನನ್ನಂಗೇ ಅಣ್ಣಾ. ಅವಳು ಒಪ್ಪಿದಾಳೆ. ಅವಳದು, ಅವಳ ಹಕ್ಕದು."

"ಮಾತು ಕೊಟ್ಟಿದ್ಯಲ್ಲೋ! ಎಲೆ-ಅಡಿಕೆ ಹಿಡಿದವನು ಮಾತು ತಪ್ಪಿದ್ದುಂಟಾ?"

ಇಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಹೆದರಿದವನ ಬಾಯಿಗೆ ಬ್ರೇಕ್ ಇರುವುದಿಲ್ಲ.

"ಉಂಟು ಅಣ್ಣಾ. ನಾನೇ. ನಿಮ್ಮ ಪಕ್ಷಕ್ಕೆ ನಾನು ಒಂದ್ಸಲಾನೂ ಓಟು ಹಾಕಿಲ್ಲ."

ಹೊನ್ನಯ್ಯನ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು.

"ಮದುವೆ ಹಾಳಾಗ್ಲಿ ಮಾರಾಯ. ಒಂದ್ಸಲಾನೂ?"

"ಇಲ್ಲ."

"ಹಂಗಾದ್ರೆ ನಿಮ್ಮ ಬೀದಿ ಪರಶುರಾಮ? ಮಿಕ್ಕ ಮನೆಯೋರು? ಅವರೂ ಹಿಡಿದಿದ್ರಲ್ಲೋ!"

"ಗೊತ್ತಿಲ್ಲ ಅಣ್ಣಾ. ಒಳಗೆ ಒಬ್ಬೊಬ್ಬರನ್ನೇ ಬಿಡೋದಲ್ವಾ."

ಎಲೆ-ಅಡಿಕೆ ಹಂಚಿದ ಮನೆಗಳೆಲ್ಲ ಹೊನ್ನಯ್ಯನ ಕಣ್ಣ ಮುಂದೆ ಸಾಲಾಗಿ ನಿಂತವೇನೋ, ಮುಖ ಸುಣ್ಣವಾಯಿತು. ಕವಳೆಯನ್ನು ಕಿತ್ತುಕೊಂಡ. "ನಿನ್ನಂಥ ಬೀಗ ನಮಗೆ ಬೇಡ. ಯಾರ ಹತ್ರಾನೂ ಈ ಮಾತು ಬಾಯಿಬಿಡಬೇಡ, ನಡಿ!"

ಭೂತಪ್ಪ ಬಸ್‌ಸ್ಟ್ಯಾಂಡಿನವರೆಗೂ ತಿರುಗಿ ನೋಡಲಿಲ್ಲ. ಕಂಬ ಹಿಡಿದು ಮಗಳಿಗೆ ಫೋನು ಮಾಡಿದ.

"ಆಯ್ತು ಕಣಮ್ಮ. ಅವರೇ ನಮ್ಮನ್ನ ಬೇಡ ಅಂದ್ರು."

ಅತ್ತ ಸಮತಾ ಮೂಗು ಒರೆಸಿಕೊಳ್ಳುವುದು ಕೇಳಿಸಿತು. "ಹೆದರ್ಕೊಂಡ್ರಾ ಅಪ್ಪ?"

"ಛೇ, ನಾನಾ?"

ಭದ್ರಾವತಿಯ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗಿದ. ಭೂತಪ್ಪ ಹಿಡಿದ ಕಂಬ ಬಿಡಲಿಲ್ಲ. ಬಸ್ಸು ಹೊರಟುಹೋಯಿತು.