ಮಿಸ್ ಕುಡಿದರೋ, ಇಲ್ಲವೋ

ಹೋದ ವಾರ ಪಕ್ಕದ ಮನೆಯ ಹುಡುಗಿ ಕಾಂಪೌಂಡ್ ಗೋಡೆಯ ಮೇಲಿಂದ ಒಂದು ಗಾಜಿನ ಬಾಟಲಿ ಕೊಟ್ಟಳು. ಹಿಂದೆ ಕಾಫಿಪುಡಿ ತುಂಬಿಟ್ಟಿದ್ದ ಬಾಟಲಿಯಿರಬೇಕು, ಮುಚ್ಚಳ ಇನ್ನೂ ಚಿಕೋರಿಯ ವಾಸನೆ ಹೊಡೆಯುತ್ತಿತ್ತು. "ಅಮೃತಬಳ್ಳಿ ಕಷಾಯ ಆಂಟಿ, ನಾನೇ ಮಾಡಿದ್ದು. ಇಮ್ಯುನಿಟಿಗೆ ತುಂಬಾ ಒಳ್ಳೇದಂತೆ. ದಿನಾ ಅರ್ಧ ಲೋಟ ಕುಡೀರಿ," ಎಂದಳು. ಅಡುಗೆಮನೆಗೆ ತಂದು ಮುಚ್ಚಳ ತೆಗೆದೆ. ಮೊದಲು ಮೆಣಸು, ಆಮೇಲೆ ಶುಂಠಿ, ಅದರ ಅಡಿಯಲ್ಲಿ ಆ ಹಸಿ ಕಹಿ... ಬಾಟಲಿ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ನಮ್ಮ ಬಯಾಲಜಿ ಮಿಸ್ ನೆನಪಾದರು.

ಮಿಸ್ ನನಗೆ ಕಂಟೋನ್ಮೆಂಟಿನ ಕಾನ್ವೆಂಟಿನಲ್ಲಿ ಪಾಠ ಮಾಡಿದವರು. ಬೆರಳಿಗೆ ಪುಡಿ ಹತ್ತಬಾರದೆಂದು ಸೀಮೆಸುಣ್ಣಕ್ಕೆ ಕಾಗದ ಸುತ್ತಿ ಹಿಡಿಯುತ್ತಿದ್ದರು. ಉತ್ತರ ತಪ್ಪಿದ್ದರೆ ಅಡ್ಡಗೆರೆ ಎಳೆದು ಬಿಡುವವರಲ್ಲ, ಎದ್ದು ನಿಲ್ಲಿಸಿ, ಎಲ್ಲಿ ತಪ್ಪಿದೆ ಎಂದು ನಮ್ಮ ಬಾಯಿಂದಲೇ ಹೇಳಿಸುವವರು. ಶಾಲೆ ಬಿಟ್ಟ ಮೇಲೆ ಅವರನ್ನು ನೋಡಿರಲಿಲ್ಲ.

ತೊಂಬತ್ತರ ದಶಕದ ನಡುವೆ, ಮಗಳು ಯುಕೆಜಿಯಲ್ಲಿದ್ದಾಗ, ನಾವು ಕುಕ್ ಟೌನಿನ ಒಂದು ಹಳೆಯ ಬಂಗಲೆಯ ಪಕ್ಕದ ಭಾಗಕ್ಕೆ ಬಾಡಿಗೆಗೆ ಬಂದೆವು. ನಮ್ಮವರ ಫ್ಯಾಕ್ಟರಿ ಬಸ್ಸು ಆ ಬೀದಿಯ ತುದಿಯಲ್ಲೇ ನಿಲ್ಲುತ್ತಿತ್ತು. ಸಾಮಾನು ಇಳಿಸುತ್ತಿದ್ದಾಗ ಹಿಂದಿನ ಔಟ್‌ಹೌಸಿನ ಬಾಗಿಲಲ್ಲಿ ಕಪ್ಪು ಕೊಡೆ ಬಿಡಿಸಿಕೊಂಡು ಒಬ್ಬರು ನಿಂತಿದ್ದರು. ಮಳೆ ಇರಲಿಲ್ಲ, ಬಿಸಿಲೂ ಇಳಿದಿತ್ತು.

"ಏನಮ್ಮಾ ಕಡೇ ಬೆಂಚು, ಇಲ್ಲಿಗೂ ಬಂದ್ಯಾ?"

ಮುಖ ದುಂಡಗೆ ಊದಿತ್ತು, ಮೂಗಿನ ಎರಡೂ ಪಕ್ಕ ಕೆನ್ನೆಗಳ ಮೇಲೆ ಕೆಂಪು ಹರಡಿತ್ತು. ದನಿಯಿಂದ ಗುರುತು ಹಿಡಿದೆ. ಮದುವೆಯಾಗದ ಮಿಸ್ ಮತ್ತು ಅವರ ವಿಧವೆ ಅಕ್ಕ, ಆ ಔಟ್‌ಹೌಸಿನಲ್ಲಿ ಇಬ್ಬರೇ. ಕಾಯಿಲೆಯಿಂದ ಮಿಸ್ ಕೆಲಸ ಬಿಟ್ಟಿದ್ದರು. ಲೂಪಸ್ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲೇ. ಮೈಯ ರಕ್ಷಣೆಗೆ ಇರುವ ಪಡೆ ಮೈಮೇಲೇ ತಿರುಗಿ ಬೀಳುವ ಕಾಯಿಲೆಯಂತೆ. ಬಿಸಿಲು ತಾಗಿದರೆ ಕೆರಳುತ್ತದಂತೆ, ಅದಕ್ಕೇ ಕೊಡೆ. ಆ ಪಡೆಯ ಶಕ್ತಿ ಕುಗ್ಗಿಸಲು ದಿನವೂ ಮಾತ್ರೆ.

ಶಕ್ತಿ ಕುಗ್ಗಿಸಲು ಮಾತ್ರೆ! ನನಗೆ ಅದು ತಲೆಗೆ ಹೋಗಲೇ ಇಲ್ಲ. ನಮ್ಮ ಅತ್ತೆಗೆ ಹೇಳಿದೆ. ಅವರು ಹಿತ್ತಲಿನ ಬೇವಿನ ಮರಕ್ಕೆ ಹಬ್ಬಿದ್ದ ಅಮೃತಬಳ್ಳಿಯಿಂದ ಎರಡು ಬೆರಳುದ್ದದ ತುಂಡು ಕತ್ತರಿಸಿ ಕೊಟ್ಟು, "ಪಾಪ, ಮೈಯಲ್ಲಿ ರೆಸಿಸ್ಟೆನ್ಸೇ ಇಲ್ಲ ಅದಕ್ಕೆ. ಜಜ್ಜಿ ಕುದ್ಸಿ ಕೊಡು," ಎಂದರು.

ಅಂದಿನಿಂದ ದಿನಾ ಬೆಳಿಗ್ಗೆ, ಮಗಳ ಸ್ಕೂಲ್ ಆಟೋ ಹೋದ ಮೇಲೆ, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕಷಾಯ ತೆಗೆದುಕೊಂಡು ಹೋಗುತ್ತಿದ್ದೆ. ಸಂಜೆ ಡಬ್ಬಿ ತೊಳೆದು ವಾಪಸು ಬರುತ್ತಿತ್ತು. ಖಾಲಿ ಪಾತ್ರೆ ಹಿಂದಿರುಗಿಸಬಾರದಲ್ಲ, ಒಳಗೆ ಏನಾದರೊಂದು ಇರುತ್ತಿತ್ತು. ಒಂದು ಹಿಡಿ ಕರಿಬೇವು, ಎರಡು ನಿಂಬೆಹಣ್ಣು, ಏನೂ ಇಲ್ಲದ ದಿನ ಒಂದು ಚಮಚ ಸಕ್ಕರೆ.

"ಕುಡಿದ್ರಾ ಮಿಸ್?" ಎಂದು ಕೇಳುತ್ತಿದ್ದೆ.

"ಹೂಂ, ಕುಡಿದೆ ಕಣೇ."

ಅವರು ಕುಡಿದದ್ದನ್ನು ನಾನು ಒಂದು ದಿನವೂ ಕಣ್ಣಾರೆ ನೋಡಲಿಲ್ಲ.

ಒಂದು ಮಧ್ಯಾಹ್ನ ಮಗಳ ಹೊಸ ಫ್ರಾಕು ತೋರಿಸಲು ಅವಳನ್ನು ಕರೆದುಕೊಂಡು ಹೋದೆ. ಮಿಸ್ ಫ್ರಾಕಿನ ಅಂಚು ಮಗುಚಿ ನೋಡಿದರು. ಮೆಷಿನ್ ಹೊಲಿಗೆಗೆ ಮುಂಚೆ ಬಟ್ಟೆ ಕದಲದಿರಲೆಂದು ಕೈಯಲ್ಲಿ ಹಾಕಿದ್ದ ಕಚ್ಚಾ ಹೊಲಿಗೆ ಹಾಗೇ ಇತ್ತು.

"ಇದ್ಯಾಕೆ ಬಿಟ್ಟಿದ್ದೀಯ?"

"ಗಟ್ಟಿ ಇರ್ಲಿ ಅಂತ ಮಿಸ್."

"ನಿಮ್ಮ ಹೊಲಿಗೆ ಸಿಸ್ಟರ್ ನೋಡಿದ್ರೆ ಬೆಂಚಿನ ಮೇಲೆ ನಿಲ್ಲಿಸ್ತಿದ್ರು." ಗಂಟು ಬಿಚ್ಚಿ ದಾರ ಎಳೆಯತೊಡಗಿದರು. ಬೆರಳ ಗೆಣ್ಣುಗಳು ಊದಿದ್ದರಿಂದ ನಿಧಾನವಾಗಿ ಎಳೆಯುತ್ತಿದ್ದರು. "ಹೋದ ತಿಂಗಳು ಜ್ವರ ಬಂದಾಗ ಇವಳ ಕುತ್ತಿಗೇಲಿ ಗೆಡ್ಡೆ ಎದ್ದಿತ್ತಲ್ಲ, ಎಲ್ಲಿ ಹೋಯ್ತು?"

"ಇಳೀತು ಮಿಸ್."

"ಇಳಿದು ಎಲ್ಲಿಗೆ ಹೋಯ್ತು?"

ಕ್ಲಾಸಿನಲ್ಲಿ ನಿಲ್ಲುತ್ತಿದ್ದ ಹಾಗೇ ಎದ್ದು ನಿಂತೆ.

"ಸತ್ತೋದ್ವು. ಜ್ವರದ ಹುಳು ಹೊಡಿಯೋಕೆ ಅಂತ ಹುಟ್ಟಿದ ಜೀವಕೋಶಗಳು. ಅವು ಸೇರಿದ್ದಕ್ಕೇ ಗೆಡ್ಡೆ ಎದ್ದಿದ್ದು. ಕೆಲಸ ಮುಗೀತು, ತಮ್ಮನ್ನ ತಾವೇ ಮುಗಿಸ್ಕೊಂಡ್ವು. ಈ ದಾರದ ಹಾಗೆ ಉಳ್ಕೊಂಡ್ರೆ ಬಟ್ಟೇನೇ ಎಳೀತವೆ." ಮಗಳ ಎದೆಯ ಮೇಲೆ ಬೆರಳಿಟ್ಟರು. "ಇನ್ನು ಇಲ್ಲಿ, ಮೂಳೆ ಹಿಂದೆ, ಒಂದು ಪುಟ್ಟ ಸ್ಕೂಲಿದೆ. ಆ ಜೀವಕೋಶಗಳಿಗೆ ಅಲ್ಲಿ ಪರೀಕ್ಷೆ. ನಮ್ಮ ಮೈಯನ್ನೇ ಶತ್ರು ಅಂದ್ಕೊಂಡವು ಫೇಲು. ಫೇಲಾದವು ಹೊರಗೆ ಬರೋ ಹಾಗಿಲ್ಲ, ಅಲ್ಲೇ ಸಾಯ್ಬೇಕು."

"ಅಯ್ಯೋ, ಹಾಗಾದ್ರೆ ನಾನು ಎಂಟನೇ ಕ್ಲಾಸಲ್ಲೇ ಹೋಗ್ತಿದ್ದೆ ಮಿಸ್!"

ಮಿಸ್ ಕೆಮ್ಮು ಬರುವವರೆಗೆ ನಕ್ಕರು. ನೀರು ಕುಡಿದು, ಎಳೆದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ನನ್ನ ಮೈಯಲ್ಲಿ ಸಾಯ್ಬೇಕಾದವು ಸಾಯ್ತಿಲ್ಲ ಕಣೇ, ಅಷ್ಟೇ," ಎಂದರು.

ಮನೆಗೆ ಬಂದ ಮೇಲೆ ಅದೇ ಮಾತು ತಲೆಯಲ್ಲಿ ಸುತ್ತತೊಡಗಿತು. ಸಾವಿನಿಂದ ಆರೋಗ್ಯ ಬರುವುದೆಂದರೇನು? ಬದುಕಿ ಉಳಿದದ್ದು ಕಾಯಿಲೆಯಾಗುವುದೆಂದರೇನು? ಒಳಗೆ ಪಡೆ ಹೆಚ್ಚಾಗಿಯೇ ಮಿಸ್ ನರಳುತ್ತಿದ್ದರೆ, ನಾನು ದಿನಾ ಕುದಿಸುತ್ತಿರುವುದು ಯಾರಿಗೆ ಬಲ ಕೊಡುತ್ತಿದೆ? ಅತ್ತೆಯನ್ನೇ ಕೇಳಿದೆ.

"ನಿಮ್ಮ ಮಿಸ್‌ಗೆ ಓದಿ ಓದಿ ತಲೆ ಕೆಟ್ಟಿದೆ," ಅತ್ತೆ ಅಕ್ಕಿ ಆರಿಸುತ್ತಲೇ ಹೇಳಿದರು. "ಶಕ್ತಿ ಬೇಡ ಅನ್ನೋ ಶರೀರ ಎಲ್ಲಾದ್ರೂ ಇರತ್ತೇನೇ? ನೀನು ನೀರು ನೀರಾಗಿ ಮಾಡ್ತಿದ್ದೀಯ, ಅದಕ್ಕೇ ಹತ್ತಿಲ್ಲ."

ಅರ್ಧ ಅರ್ಥವಾದ ಪಾಠಕ್ಕಿಂತ ಪೂರ್ತಿ ಅರ್ಥವಾದ ಮಾತು ಆ ದಿನ ಸುಲಭವೆನಿಸಿತು. ಮರುದಿನದಿಂದ ಎರಡು ಬೆರಳುದ್ದದ ಬದಲು ನಾಲ್ಕು ಬೆರಳುದ್ದ ಹಾಕಿದೆ. ಮಿಸ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಇವತ್ತು ಜೋರಾಗಿದೆ," ಎಂದರು. ಬೇಡ ಎನ್ನಲಿಲ್ಲ. ಸಂಜೆ ಡಬ್ಬಿಯಲ್ಲಿ ನಿಂಬೆಹಣ್ಣು ಬಂತು.

ಮೂರು ತಿಂಗಳಾಗಿತ್ತೋ, ನಾಲ್ಕೋ... ಮಿಸ್ ಕಾಲು ಊದಿತು. ಚಪ್ಪಲಿಯ ಪಟ್ಟಿ ಹಾಕಲಾಗದೆ ಬರಿಗಾಲಲ್ಲಿ ಆಟೋ ಹತ್ತಿದರು. ಕಾಯಿಲೆ ಕಿಡ್ನಿಗೆ ಹೋಗಿದೆ ಎಂದರು ಆಸ್ಪತ್ರೆಯಲ್ಲಿ. ನಾನು ಫ್ಲಾಸ್ಕಿನಲ್ಲಿ ಗಂಜಿ ತೆಗೆದುಕೊಂಡು ಹೋಗಿದ್ದ ದಿನ ಡಾಕ್ಟರು ವಾರ್ಡಿಗೆ ಬಂದು ಮಿಸ್ ಅಕ್ಕನನ್ನು ಕೇಳಿದರು, "ಇತ್ತೀಚೆಗೆ ನಾಟಿ ಔಷಧಿ ಏನಾದ್ರೂ ಕೊಟ್ಟಿದ್ರಾ? ಕಷಾಯ, ಲೇಹ್ಯ, ಏನಾದ್ರೂ?"

ಅಕ್ಕ ನನ್ನ ಕಡೆ ನೋಡಿದರು. ಒಂದು ಗಳಿಗೆ, ಅಷ್ಟೇ. ಆಮೇಲೆ ಡಾಕ್ಟರ ಕಡೆ ತಿರುಗಿ, "ಇಲ್ಲ ಸಾರ್, ಏನೂ ಇಲ್ಲ," ಎಂದರು.

ನಾನು ಹೇಳಬೇಕಿತ್ತು. ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ನಿಂತಿದ್ದೆ. ಡಾಕ್ಟರು ಏನೋ ಬರೆದುಕೊಂಡು ಮುಂದಿನ ಮಂಚಕ್ಕೆ ಹೋದರು. ಮಿಸ್ ಕಣ್ಣು ಮುಚ್ಚಿದ್ದರು. ಕೇಳಿಸಿಕೊಂಡರೋ ಇಲ್ಲವೋ, ಅದೂ ಗೊತ್ತಿಲ್ಲ.

ಯುಗಾದಿಗೆ ಮುಂಚೆ ಮಿಸ್ ಹೋದರು. ಅಕ್ಕ ಔಟ್‌ಹೌಸ್ ಖಾಲಿ ಮಾಡಿ ಹಲಸೂರಿನ ನೆಂಟರ ಮನೆಗೆ ಹೊರಟರು. ಹೊರಡುವ ದಿನ ನಮ್ಮ ಬಾಗಿಲಿಗೆ ಬಂದು, "ನಿಮ್ಮದಮ್ಮಾ ಇದು," ಎಂದು ಡಬ್ಬಿ ಕೊಟ್ಟರು. ಒಳಗೆ ಒಂದು ಚಮಚ ಸಕ್ಕರೆ. ಆಗಲಾದರೂ ಕೇಳಬಹುದಿತ್ತು, "ಮಿಸ್ ಕುಡೀತಿದ್ರಾ?" ಅಂತ. ಕೇಳಲಿಲ್ಲ. ಆಮೇಲೆ ಹಲಸೂರಿಗೆ ಎಷ್ಟು ಸಲ ಹೋದರೂ ಆ ಮನೆ ಹುಡುಕುವ ಧೈರ್ಯ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಕಮ್ಮನಹಳ್ಳಿಗೆ ಮನೆ ಬದಲಿಸಿದ ನಂತರ, ನಮ್ಮ ಡಾಕ್ಟರ ಹತ್ತಿರ ಬೇರೆ ಯಾರದೋ ಕಥೆಯೆನ್ನುವ ಹಾಗೆ ಕೇಳಿದೆ. "ಅಂಥೋರಿಗೆ ಅಮೃತಬಳ್ಳಿ ಬೇಡ ಅಂತೀವಿ. ಆದ್ರೆ ಅದ್ರಿಂದ್ಲೇ ಆಯ್ತು ಅಂತ ಹೇಳೋಕಾಗಲ್ಲಮ್ಮ. ಆ ಕಾಯಿಲೆ ಏನೂ ಕೊಡದೇ ಇದ್ರೂ ಕೆರಳತ್ತೆ," ಎಂದರು. ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ನನಗೆ ಈಗಲೂ ಬಿಡಿಸಲಾಗದ್ದು ಇದು. ನನ್ನನ್ನು ನಿಲ್ಲಿಸಿ ತಪ್ಪು ಹೇಳಿಸುತ್ತಿದ್ದ ಮಿಸ್, ಎಲ್ಲಾ ತಿಳಿದಿದ್ದ ಮಿಸ್, ಆ ಕಷಾಯಕ್ಕೆ ಮಾತ್ರ ಯಾಕೆ ಸುಮ್ಮನಿದ್ದರು? ಕುಡಿಯುತ್ತಲೇ ಇರಲಿಲ್ಲವೆಂದೇ? ಅಥವಾ ಕಡೇ ಬೆಂಚಿನವಳು ಇಷ್ಟು ಅಕ್ಕರೆಯಿಂದ ತಂದಳಲ್ಲ ಎಂದು... ಅಕ್ಕ "ಇಲ್ಲ" ಎಂದದ್ದು ನಿಜವಾಗಿಯೋ, ನನ್ನ ಮುಖ ನೋಡಿಯೋ? ಒಂದು ದಿನ ಒಂದು ಉತ್ತರ ಸರಿಯೆನಿಸುತ್ತದೆ, ಮರುದಿನ ಇನ್ನೊಂದು. ಕೇಳೋಣವೆಂದರೆ ಇಬ್ಬರೂ ಇಲ್ಲ. ಅಕ್ಕನೂ ಹೋಗಿ ಬಹಳ ವರ್ಷವಾಯಿತಂತೆ.

ಪಕ್ಕದ ಮನೆಯ ಹುಡುಗಿ ಕೊಟ್ಟ ಬಾಟಲಿ ನಾಲ್ಕು ದಿನ ಕಟ್ಟೆಯ ಮೇಲೇ ಇತ್ತು. ಐದನೆಯ ದಿನ ಸಿಂಕಿಗೆ ಸುರಿದು, ಸೋಪು ಹಾಕಿ ಎರಡು ಸಲ ತೊಳೆದೆ. ಒರೆಸಿ, ತಳಕ್ಕೆ ಒಂದು ಚಮಚ ಸಕ್ಕರೆ ಹಾಕಿದೆ.

ಗೋಡೆಯ ಮೇಲಿಂದ ಬಾಟಲಿ ತೆಗೆದುಕೊಳ್ಳುತ್ತಾ ಅವಳು ಕೇಳಿದಳು, "ಕುಡಿದ್ರಾ ಆಂಟಿ?"

"ಹೂಂ, ಕುಡಿದೆ ಕಣೇ," ಎಂದೆ.

ಎಷ್ಟು ಸಲೀಸಾಗಿ ಬಂತು. ಅವಳು ಖುಷಿಯಿಂದ ಒಳಗೆ ಹೋದಳು. ನಾನು ಗೋಡೆಯ ಹತ್ತಿರವೇ ನಿಂತು, ಆ ಮಾತನ್ನು ಇನ್ನೊಂದು ಸಲ ಮೆಲ್ಲಗೆ ಹೇಳಿ ನೋಡಿದೆ. ಮಿಸ್ ದನಿ ಹೀಗೇ ಇತ್ತೇ... ನೆನಪಿಸಿಕೊಳ್ಳಲು ನೋಡಿದೆ. ಆಗಲಿಲ್ಲ.